ಲೋಯಿಸ್ ವೆಬರ್‌ಗೆ ಒಂದೇ ಸಾಲು ಸಾಲದು
ಅಮೆರಿಕದ ಮೂಕಿ ಚಿತ್ರಗಳ ಬಗ್ಗೆ ನಾನು ಓದಿದ ಒಂದು ಲೇಖನ ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್ ಬಗ್ಗೆ ಪುಟಗಟ್ಟಲೆ ಹೇಳಿ, ಅದೇ ಕಾಲದ ನಿರ್ದೇಶಕಿ ಲೋಯಿಸ್ ವೆಬರ್ ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರ ತಂದಿತು. ಪತಿ ಫಿಲಿಪ್ಸ್ ಸ್ಮಾಲಿ ಜೊತೆ 1913ರಲ್ಲಿ ನಿರ್ದೇಶಿಸಿದ ‘ಸಸ್ಪೆನ್ಸ್’ನಲ್ಲಿ ಪರದೆಯನ್ನೇ ಮೂರು ಭಾಗ ಮಾಡಿ, ಮನೆಗೆ ನುಗ್ಗುವವನು, ಫೋನ್ ಹಿಡಿದ ಹೆಂಡತಿ, ಕಚೇರಿಯಲ್ಲಿರುವ ಗಂಡ ಮೂವರನ್ನೂ ಒಟ್ಟಿಗೆ ತೋರಿಸಿದವರು ಇವರು. 1916ರ ‘ಶೂಸ್’ ಇನ್ನೂ ಮೇಲು. ಅಂಗಡಿಯಲ್ಲಿ ದುಡಿಯುವ ಹುಡುಗಿ ರಟ್ಟು ಕತ್ತರಿಸಿ ಸವೆದ ಬೂಟಿನೊಳಗೆ ಇಟ್ಟುಕೊಳ್ಳುತ್ತಾಳೆ. ಮಳೆಗೆ ಅದೂ ನೆನೆದು ಹಾಳಾಗುತ್ತದೆ. ಬಡತನವನ್ನು ಇಷ್ಟು ಹತ್ತಿರದಿಂದ ತೋರಿಸಿದವರು ಆಗ ಎಷ್ಟು ಮಂದಿ? 1917ರಲ್ಲಿ ಸ್ವಂತ ಸಂಸ್ಥೆಯನ್ನೂ ಕಟ್ಟಿದರು. ದೊಡ್ಡ ಕಂಪನಿಗಳ ಕೈ ಮೇಲಾದಂತೆ ಅವಕಾಶಗಳು ಬತ್ತಿದವು, 1939ರಲ್ಲಿ ತೀರಿಕೊಂಡರು. ನೆದರ್ಲೆಂಡ್ಸ್‌ನ ಐ ಫಿಲ್ಮ್ ಮ್ಯೂಸಿಯಂ ‘ಶೂಸ್’ ಅನ್ನು ಜೀರ್ಣೋದ್ಧಾರ ಮಾಡಿದೆ, ದಯವಿಟ್ಟು ಹುಡುಕಿ ನೋಡಿ.