ಜೂನ್ 1ರ ಹುಟ್ಟುಹಬ್ಬ ಮತ್ತು ಮಣಿಕಟ್ಟಿನ ಎಲುಬು

ಪ್ರತಿ ವರ್ಷ ಜೂನ್ 1ಕ್ಕೆ ಫೇಸ್‌ಬುಕ್ ತೆಗೆದರೆ ನನಗೆ ನಗು ಬರುತ್ತದೆ. ಅವತ್ತು ನಮ್ಮ ದೊಡ್ಡಪ್ಪನ ಹುಟ್ಟುಹಬ್ಬ. ಅವರ ಷಡ್ಡಕನದೂ ಅವತ್ತೇ. ರಿಟೈರ್ ಆದ ನಮ್ಮ ಹೆಡ್‌ಮಾಸ್ಟರದೂ ಅವತ್ತೇ. ಇವರೆಲ್ಲ ಒಂದೇ ದಿನ ಹುಟ್ಟಿದವರಲ್ಲ, ಒಂದೇ ದಿನ ಸ್ಕೂಲಿಗೆ ಸೇರಿದವರು ಅಷ್ಟೆ. ಯಾವಾಗ ಹುಟ್ಟಿದ್ದು ಅಂತ ಮೇಷ್ಟ್ರು ಕೇಳಿದರೆ, "ಕೆರೆ ಕೋಡಿ ಬಿದ್ದ ವರ್ಷ ಸ್ವಾಮಿ, ನಾಟಿ ಮುಗಿದಿತ್ತು" ಅನ್ನುವುದು ಅಪ್ಪನ ಉತ್ತರ. ಮೇಷ್ಟ್ರು ಹುಡುಗನ ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಬೆರಳು ಕಿವಿಗೆ ಸಿಕ್ಕಿದರೆ ಒಂದನೇ ಕ್ಲಾಸು. ಹುಟ್ಟಿದ ದಿನ, ಜೂನ್ 1.

ಆ ಸುಳ್ಳಿನಲ್ಲಿ ಕಪಟ ಇರಲಿಲ್ಲ. ನಾನು ಹೇಳಹೊರಟಿರುವುದು ಬೇರೆ ಥರದ ಸುಳ್ಳಿನ ಬಗ್ಗೆ.

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಅವಳ ಮಗನಿಗೆ 14, ಫುಟ್‌ಬಾಲ್ ಹುಚ್ಚು. ಬೆಂಗಳೂರಲ್ಲೇ ಒಂದು ಕಡೆ ಕೋಚಿಂಗಿಗೆ ಹೋಗುತ್ತಾನೆ. "ಅಲ್ಲಿ ಒಬ್ಬರು ಹೇಳಿದ್ರು ಕಣೋ, ಬರ್ತ್ ಸರ್ಟಿಫಿಕೇಟಲ್ಲಿ ಎರಡು ವರ್ಷ ಕಮ್ಮಿ ಮಾಡಿಸಿಬಿಟ್ರೆ ಒಳ್ಳೇದಂತೆ. ಎಲ್ಲರೂ ಮಾಡಿಸ್ತಾರಂತೆ. ನಿಂಗ್ಯಾರಾದ್ರೂ ಗೊತ್ತಾ?" ಬಸ್ಸಲ್ಲಿದ್ದೀನಿ, ಆಮೇಲೆ ಮಾಡ್ತೀನಿ ಅಂತ ಫೋನ್ ಇಟ್ಟೆ. ಬಸ್ಸಲ್ಲಿರಲಿಲ್ಲ.

ಯಾಕಂದರೆ ಈ "ಎರಡು ವರ್ಷ ಕಮ್ಮಿ" ನನಗೆ ಹಳೇ ಪರಿಚಯ. 1993ನೇ ಇಸವಿ. ಭದ್ರಾವತಿ ಕಡೆಯ ಒಂದು ಸ್ಕೂಲು, ನಾನು ಎಂಟನೇ ಕ್ಲಾಸು. ಮೈದಾನದ ಅಂಚಿನಲ್ಲಿ ಓಡಿ ಆಡುವವರನ್ನು ಆಗೆಲ್ಲ ವಿಂಗರ್ ಗಿಂಗರ್ ಅನ್ನುತ್ತಿರಲಿಲ್ಲ. ಲೆಫ್ಟ್ ಔಟ್, ರೈಟ್ ಔಟ್ ಅಷ್ಟೆ. ನಾನು ರೈಟ್ ಔಟ್. ಲೆಫ್ಟ್ ಔಟ್ ಆಡುತ್ತಿದ್ದವನು ನನ್ನ ಬೆಂಚಿನ ಗೆಳೆಯ. ಹೆಸರು ಬೇಡ, ಪುಟ್ಟ ಅನ್ನೋಣ. ಪುಟ್ಟಕ್ಕೇ ಇದ್ದ, ಟೀಮಿನ ಅಂಗಿ ಅವನಿಗೆ ಮೊಣಕಾಲು ಮುಟ್ಟುತ್ತಿತ್ತು. ಆದರೆ ಬಾಲು ಒಂದು ಸಲ ಅವನ ಕಾಲಿಗೆ ಸಿಕ್ಕರೆ ಕಿತ್ತುಕೊಳ್ಳಲು ಇಬ್ಬರು ಬೇಕಿತ್ತು.

ತಾಲ್ಲೂಕು ಮಟ್ಟದ ಪಂದ್ಯಕ್ಕೆ ಒಂದು ವಾರ ಇತ್ತು. ಪಿ.ಟಿ. ಮೇಷ್ಟ್ರು ಒಬ್ಬ ಹೊಸಬನನ್ನು ಕರೆತಂದರು. ಎರಡು ಸಲ ಫೇಲಾಗಿ ಗ್ಯಾರೇಜ್ ಸೇರಿಕೊಂಡಿದ್ದವನು. ಉಗುರಿನ ಸಂದಿಯಲ್ಲಿ ಗ್ರೀಸು, ತುಟಿ ಮೇಲೆ ಸರಿಯಾಗೇ ಬಂದಿದ್ದ ಮೀಸೆ. ಮೇಷ್ಟ್ರು ದುಡ್ಡು ಕೊಟ್ಟು "ಬೋಳಿಸ್ಕೊಂಡು ಬಾರೋ" ಅಂತ ಕಳಿಸಿದರು. ಬಂದ. ಮುಖವೆಲ್ಲ ಬಿಸಿಲಿಗೆ ಕಪ್ಪಾಗಿತ್ತು, ಮೇಲ್ತುಟಿ ಮಾತ್ರ ಬೆಳ್ಳಗೆ. ಮೀಸೆ ಇದ್ದಾಗಲೇ ವಾಸಿ ಇತ್ತು. 14 ವರ್ಷದೊಳಗಿನವರ ಟೀಮಿನ ಪಟ್ಟಿಗೆ ಅವನ ಹೆಸರು ಸೇರಿತು, ಪುಟ್ಟನ ಹೆಸರು ಹೋಯಿತು.

ತಾಲ್ಲೂಕಿನಲ್ಲಿ ಗೆದ್ದೆವು. ನನಗೇನೂ ಬೇಜಾರಾಗಲಿಲ್ಲ ಅಂತ ಒಪ್ಪಿಕೊಳ್ಳಬೇಕು. ಗೆದ್ದವರಿಗೆ ಮಸಾಲೆ ದೋಸೆ ಕೊಡಿಸಿದ್ದರು, ತಿಂದೆ. ಆಮೇಲೆ ಜಿಲ್ಲಾ ಮಟ್ಟಕ್ಕೆ ಶಿವಮೊಗ್ಗಕ್ಕೆ ಹೋದೆವು. ಅಲ್ಲಿ ನೋಡಿದರೆ ಬೇರೆ ಊರಿನವರೂ ತಂತಮ್ಮ ಗ್ಯಾರೇಜ್ ಹುಡುಗರನ್ನು ಕರೆತಂದಿದ್ದಾರೆ! ತನ್ನ ಅಳತೆಯವರು ಎದುರು ನಿಂತಾಗ ನಮ್ಮ ಹೀರೊ ಏನೂ ಅಲ್ಲ. ಬಾಲು ಕಾಲಲ್ಲಿ ನಿಲ್ಲುತ್ತಿಲ್ಲ, ಪಾಸ್ ಕೊಡಲು ಬರುತ್ತಿಲ್ಲ. ಚಿಕ್ಕವರನ್ನು ತಳ್ಳಿ ಓಡುವುದು, ಜೋರಾಗಿ ಒದೆಯುವುದು, ಇಷ್ಟೇ ಅವನ ಆಟ. ಅದರಾಚೆ ಕಲಿಯುವ ಅಗತ್ಯವೇ ಅವನಿಗೆ ಬಂದಿರಲಿಲ್ಲ. 3-0ಯಲ್ಲಿ ಸೋತು ಬಸ್ ಹತ್ತಿದೆವು. ಪುಟ್ಟ ಆಮೇಲೆ ಪ್ರಾಕ್ಟೀಸಿಗೆ ಬರಲಿಲ್ಲ. ಸಂಜೆ ಅಂಗಡಿಯಲ್ಲಿ ಕೂರಬೇಕು ಅಂದ. ನಾನೂ ಇನ್ನೊಂದು ಸಲ ಕರೆಯಲಿಲ್ಲ.

ಇದು ನಮ್ಮ ಕಡೆಯ ಗುಟ್ಟು ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಆಮೇಲೆ 1989ರ ಕಥೆ ಓದಿದೆ. ಈಗ 17 ವರ್ಷದೊಳಗಿನವರ ವಿಶ್ವಕಪ್ ಅನ್ನುತ್ತೇವಲ್ಲ, ಅದು 1985ರಲ್ಲಿ ಚೀನಾದಲ್ಲಿ ಶುರುವಾದಾಗ 16ರೊಳಗಿನವರದ್ದು. 1991ರಿಂದ 17 ಆಯಿತು. 1989ರಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆಯಿತು. ಗ್ಲಾಸ್ಗೋದ ಹ್ಯಾಂಪ್ಡೆನ್ ಪಾರ್ಕಿನ ಫೈನಲ್ಲಿಗೆ 50 ಸಾವಿರಕ್ಕೂ ಜಾಸ್ತಿ ಜನ. ಸ್ಕಾಟ್ಲೆಂಡ್ ಎರಡು ಗೋಲು ಮುಂದಿತ್ತು. ಸೌದಿ ಅರೇಬಿಯಾ ಎರಡೂ ತೀರಿಸಿ, ಪೆನಾಲ್ಟಿ ಒದೆತದಲ್ಲಿ ಕಪ್ ತಗೊಂಡು ಹೋಯಿತು. ಸೌದಿ ಹುಡುಗರ ಮೀಸೆಯ ಮಾತನ್ನು ಸ್ಕಾಟ್ಲೆಂಡಿನವರು ಇವತ್ತಿಗೂ ಬಿಟ್ಟಿಲ್ಲ. ಸಾಬೀತೇನೂ ಆಗಲಿಲ್ಲ. ಮೀಸೆ ಒಂದು ಸಾಕ್ಷಿಯೂ ಅಲ್ಲ, ನಮ್ಮ ಪಕ್ಕದ ಮನೆ ಹುಡುಗನಿಗೆ 13ಕ್ಕೇ ಬಂದಿತ್ತು. ಆದರೆ ಓದುವಾಗ ನನಗೆ ಆ ಬೆಳ್ಳನೆ ಮೇಲ್ತುಟಿ ನೆನಪಾಗಿದ್ದು ಸುಳ್ಳಲ್ಲ.

ಸಾಬೀತಾದ ಪ್ರಕರಣಗಳೂ ಇವೆ. 20ರೊಳಗಿನವರ ಅರ್ಹತಾ ಪಂದ್ಯಕ್ಕೆ ವಯಸ್ಸು ಮೀರಿದವರನ್ನು ಇಳಿಸಿ ಸಿಕ್ಕಿಬಿದ್ದ ಮೆಕ್ಸಿಕೊಗೆ 1988ರಲ್ಲಿ ಎರಡು ವರ್ಷ ನಿಷೇಧ ಬಿತ್ತು. ಚಿಕ್ಕವರ ಸುಳ್ಳಿಗೆ ದೊಡ್ಡವರ ಟೀಮು 1990ರ ವಿಶ್ವಕಪ್ಪಿಗೇ ಹೋಗಲಿಲ್ಲ. ನೈಜೀರಿಯಾಕ್ಕೂ ಅದೇ ಕಾಲದಲ್ಲಿ ಶಿಕ್ಷೆ ಆಯಿತು. ಅವರ ಕೆಲವು ಆಟಗಾರರಿಗೆ ಒಂದೊಂದು ಟೂರ್ನಿಯಲ್ಲಿ ಒಂದೊಂದು ಹುಟ್ಟಿದ ದಿನ ಇತ್ತು.

2009ರಿಂದ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಈ 17ರೊಳಗಿನವರ ವಿಶ್ವಕಪ್ಪಿಗೆ ಮಣಿಕಟ್ಟಿನ ಎಂಆರ್‌ಐ ತಂದಿತು. ವಿಷಯ ಸರಳ. ಮೊಣಕೈಯಿಂದ ಹೆಬ್ಬೆರಳ ಕಡೆಗೆ ಇಳಿಯುವ ಎಲುಬಿನ ತುದಿಯಲ್ಲಿ, ಮಣಿಕಟ್ಟಿನ ಹತ್ತಿರ, ಮೆದು ಎಲುಬಿನ ಒಂದು ಪದರ ಇರುತ್ತದೆ. ಎಲುಬು ಉದ್ದ ಬೆಳೆಯುವುದು ಅಲ್ಲಿಂದ. ಬೆಳವಣಿಗೆ ಮುಗಿಯುತ್ತಾ ಬಂದ ಹಾಗೆ ಆ ಪದರ ಗಟ್ಟಿಯಾಗಿ ಎರಡೂ ಕಡೆ ಬೆಸೆದುಕೊಳ್ಳುತ್ತದೆ, ಎರಡು ಗೋಡೆ ಸೇರುವ ಕಡೆ ಗಾರೆ ಒಣಗಿದ ಹಾಗೆ. ಈ ಬೆಸುಗೆಗೆ 1ರಿಂದ 6ರವರೆಗೆ ದರ್ಜೆ ಕೊಡುತ್ತಾರೆ. 6 ಅಂದರೆ ಪೂರ್ತಿ ಕೂಡಿದೆ. 17ರೊಳಗಿನ ಹುಡುಗರಲ್ಲಿ ಹಾಗೆ ಪೂರ್ತಿ ಕೂಡಿರುವುದು ತೀರಾ ಅಪರೂಪ. ಎಕ್ಸ್‌ರೇ ಆದರೆ ವಿಕಿರಣ, ಎಂಆರ್‌ಐಗೆ ಆ ಗೊಡವೆ ಇಲ್ಲ. ಇಂಥ ದಿನವೇ ಹುಟ್ಟಿದ್ದು ಅಂತ ಅದು ಹೇಳುವುದಿಲ್ಲ. ಎಲುಬು ಇನ್ನೂ ಕೂಡದ 18ರವನು ತಪ್ಪಿಸಿಕೊಂಡು ಹೋಗಲೂಬಹುದು. ಆದರೂ 22ರವನನ್ನು 16 ಅಂತ ತೋರಿಸುವುದು ಕಷ್ಟವಾಯಿತು. ಒಂದು ಲೆಕ್ಕದಲ್ಲಿ ಇದೂ ಮೇಷ್ಟ್ರ ಹಳೇ ವಿದ್ಯೆಯೇ ಅಲ್ವಾ? ಕಾಗದ ಪಕ್ಕಕ್ಕಿಡು, ಕೈ ತೋರಿಸು.

ಅಕ್ಕ ಕೇಳಬಹುದು, ಅಷ್ಟು ಮಾಡಿ ಗೆದ್ದರೆ ಏನು ಸಿಗುತ್ತೆ ಅಂತ. ಅದೇ ತಮಾಷೆ. ಈ ಕಪ್ಪನ್ನು ನೈಜೀರಿಯಾ ಐದು ಸಲ ಗೆದ್ದಿದೆ, ಯಾರೂ ಅಷ್ಟು ಗೆದ್ದಿಲ್ಲ. ಐದೂ ಮೋಸದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ದೊಡ್ಡವರ ವಿಶ್ವಕಪ್ಪಿನಲ್ಲಿ ಅವರು ಕೊನೆಯ 16 ಟೀಮುಗಳ ಘಟ್ಟ ದಾಟಿದ್ದೇ ಇಲ್ಲ. ಅತ್ತ ಜರ್ಮನಿ ದೊಡ್ಡವರ ಕಪ್ ನಾಲ್ಕು ಸಲ ಗೆದ್ದಾದ ಮೇಲೆ, 2023ರಲ್ಲಿ ಮೊದಲ ಸಲ ಈ ಹುಡುಗರ ಕಪ್ ಗೆದ್ದಿತು. ಮೂರು ಸಲ ವಿಶ್ವಕಪ್ ಎತ್ತಿದ ಅರ್ಜೆಂಟೀನಾ ಇದನ್ನು ಇವತ್ತಿನವರೆಗೂ ಗೆದ್ದೇ ಇಲ್ಲ. ಯಾರಾದರೂ ಅಳುತ್ತಿದ್ದಾರಾ ಅಲ್ಲಿ?

ನಮ್ಮ 2017ರ ಹುಡುಗರ ವಿಷಯಕ್ಕೆ ಬರುತ್ತೇನೆ. ಅವರನ್ನು ಬೈದವರ ಮೇಲೆ ನನಗೆ ಇನ್ನೂ ಕೋಪ ಇದೆ. ಆ ವರ್ಷ ಈ 17ರೊಳಗಿನವರ ವಿಶ್ವಕಪ್ ನಡೆದದ್ದು ನಮ್ಮ ದೇಶದಲ್ಲಿ. ದೆಹಲಿ, ಕೋಲ್ಕತಾ, ಕೊಚ್ಚಿ, ಗುವಾಹಟಿ, ನವಿ ಮುಂಬೈ, ಗೋವಾದ ಮಡಗಾಂವ್. ಬೆಂಗಳೂರಿಗೆ ಒಂದು ಪಂದ್ಯವೂ ಸಿಗಲಿಲ್ಲ, ಆ ಹೊಟ್ಟೆಯುರಿ ಬೇರೆ. ಅಮೆರಿಕಕ್ಕೆ 3-0, ಕೊಲಂಬಿಯಾಕ್ಕೆ 2-1, ಘಾನಾಕ್ಕೆ 4-0. ಮೂರೂ ಸೋಲು. "ಆತಿಥೇಯರು ಅಂತ ಸುಮ್ನೆ ಸೀಟು ಸಿಕ್ಕಿತ್ತು, ಮರ್ಯಾದೆ ಕಳೆದರು" ಅಂತ ನಮ್ಮ ಆಫೀಸಿನ ಕ್ಯಾಂಟೀನಿನಲ್ಲೇ ಕೇಳಿಸಿಕೊಂಡೆ.

ಅಕ್ಟೋಬರ್ 9, ಸೋಮವಾರ ರಾತ್ರಿ, ಕೊಲಂಬಿಯಾ ಪಂದ್ಯ. ನಾನು ಊಟದ ತಟ್ಟೆ ತೊಡೆ ಮೇಲಿಟ್ಟುಕೊಂಡು ಟಿವಿ ಮುಂದೆ. 82ನೇ ನಿಮಿಷಕ್ಕೆ ಕಾರ್ನರ್. ಒದೆಯಲು ಹೋದವನು ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್. ಮನೆಯವರು ಫುಟ್‌ಪಾತಿನಲ್ಲಿ ಬಟ್ಟೆ ಮಾರುತ್ತಿದ್ದರು ಅಂತ ಪೇಪರಿನಲ್ಲಿ ಬಂದಿತ್ತು. ಬಾಲು ಬಾಗಿಕೊಂಡು ಬಂತು. ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಎದ್ದು ತಲೆ ಕೊಟ್ಟ. ಗೋಲು! ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊಟ್ಟಮೊದಲ ಗೋಲು. ನನ್ನ ಸಾರು ನೆಲಕ್ಕೆ. ಒರೆಸಲು ಬಟ್ಟೆ ತರುವಷ್ಟರಲ್ಲಿ ಕೊಲಂಬಿಯಾ ಇನ್ನೊಂದು ಹೊಡೆದಾಗಿತ್ತು.

ಈಗ ವಯಸ್ಸು ನೋಡಿ. 2017ರ ಟೂರ್ನಿಗೆ ನಿಯಮ ಏನಿತ್ತೆಂದರೆ, 2000ದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕು. ಅಂದರೆ 17 ತುಂಬಿ ಒಂಬತ್ತು ತಿಂಗಳಾದವನೂ ಆಡಬಹುದಿತ್ತು. ಕಾರ್ನರ್ ಒದ್ದ ಸಂಜೀವ್, ತಲೆ ಕೊಟ್ಟ ಜೀಕ್ಸನ್, ಇಬ್ಬರೂ 2001ರವರು. ಇಬ್ಬರಿಗೂ ಆಗ ಬರೀ 16. ಕಾನೂನು ಕೊಟ್ಟಿದ್ದ ಅವಕಾಶಕ್ಕಿಂತ ಒಂದು ವರ್ಷ ಚಿಕ್ಕವರೇ ಇಳಿದು, ತಮಗಿಂತ ದೊಡ್ಡವರ ಮೇಲೆ ಗೋಲು ಹೊಡೆದರು. ನಾವು ಅದನ್ನು ಹೇಳುವುದೇ ಇಲ್ಲ, 4-0 ಮಾತ್ರ ಹೇಳುತ್ತೇವೆ. ಅದೇ ಜೀಕ್ಸನ್ 2023ರಲ್ಲಿ ನಮ್ಮ ಕಂಠೀರವದಲ್ಲೇ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದ ಸೀನಿಯರ್ ಟೀಮಿನಲ್ಲಿದ್ದ. ಅಮೆರಿಕದ ವಿರುದ್ಧ ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಾಲು ಬಾರಿಸಿದ್ದ ಅನ್ವರ್ ಅಲಿಯೂ ಇದ್ದ.

ನಮ್ಮ ದ್ರಾವಿಡ್ ಇದನ್ನು ಕ್ರಿಕೆಟ್ಟಿಗೆ ಹೇಳಿದ್ದರು. 2015ರ ಡಿಸೆಂಬರಿನಲ್ಲಿ, ದೆಹಲಿಯ ಪಟೌಡಿ ಉಪನ್ಯಾಸದಲ್ಲಿ. ವಯಸ್ಸು ಮುಚ್ಚಿಟ್ಟವನು ಮೇಲೆ ಬರುವುದು ಪ್ರತಿಭೆಯಿಂದಲೇ ಆಗಬೇಕಿಲ್ಲ, ದೊಡ್ಡವನು, ಬಲ ಜಾಸ್ತಿ ಅಂತ. ಅವನು ಬಂದಾಗ ನಿಜ ಹೇಳಿದ ಹುಡುಗನೊಬ್ಬ ಜಾಗ ಕಳೆದುಕೊಳ್ಳುತ್ತಾನೆ ಅಂತ. ಅದನ್ನು ಓದುವಾಗ ಆ ಹುಡುಗ ಯಾರು ಅಂತ ನನಗೆ ಗೊತ್ತಿತ್ತು. ಅಂಗಿ ಮೊಣಕಾಲು ಮುಟ್ಟುತ್ತಿತ್ತು.

2025ರಿಂದ ಈ ವಿಶ್ವಕಪ್ ಪ್ರತಿ ವರ್ಷ ನಡೆಯುತ್ತಿದೆ, 24ರ ಬದಲು 48 ಟೀಮು. ಅವಕಾಶ ಜಾಸ್ತಿಯಾದ ಹಾಗೆ ಅಕ್ಕನಿಗೆ ಬುದ್ಧಿ ಹೇಳಿದಂಥವರ ವ್ಯಾಪಾರವೂ ಜಾಸ್ತಿಯಾಗುತ್ತದೆ ಅನ್ನುವುದು ನನ್ನ ಅನುಮಾನ.

ಕೊನೆಗೆ ಅಕ್ಕನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಕಮೆಂಟಿನಲ್ಲಿ ಅವಳಿಗೆ ಯಾರೂ ಬೈಯಬೇಡಿ.) ಸುಮಾರು ಹೊತ್ತು ಸುಮ್ಮನಿದ್ದು, "ಅದೆಲ್ಲ ಸರಿ ಕಣೋ, ಬೇರೆಯವರೆಲ್ಲ ಮಾಡಿಸ್ಕೊಂಡು ಬಂದ್ರೆ ನನ್ನ ಮಗ ಬೆಂಚಲ್ಲೇ ಕೂರಬೇಕಾ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂರಬೇಕಾಗಬಹುದು ಅಂದೆ.

ಭಾನುವಾರ ಅವನ ಮ್ಯಾಚಿಗೆ ಹೋಗಿದ್ದೆ. ಬೆಂಚಲ್ಲೇ ಕೂತಿದ್ದ. ಕೊನೆಯ ಹತ್ತು ನಿಮಿಷ ಇಳಿಸಿದರು. ಎದುರಿಗೆ ಬ್ಯಾಕ್ ಆಡುತ್ತಿದ್ದವನು ಇವನಿಗಿಂತ ಒಂದು ಗೇಣು ಉದ್ದ, ಗಡ್ಡ ಆಗ ತಾನೇ ಕೆರೆಸಿಕೊಂಡ ಹಾಗಿದ್ದ. ನಿಜವಾಗಿ ಎಷ್ಟು ವಯಸ್ಸೋ, ನಾನು ಹೇಳಲಾರೆ. ನಮ್ಮವನು ಎರಡು ಸಲ ಬಾಲು ತಗೊಂಡು ಹೋಗಿ ಎರಡು ಸಲವೂ ನೆಲಕ್ಕೆ ಬಿದ್ದ. ಮೂರನೇ ಸಲ ಅವನ ಎರಡು ಕಾಲಿನ ಮಧ್ಯೆಯೇ ಬಾಲು ತೂರಿಸಿದ. ಆಚೆ ಓಡುವಷ್ಟರಲ್ಲಿ ಬಾಲು ಗೆರೆ ದಾಟಿತ್ತು. 2-0 ಸೋತರು.

ವಾಪಸ್ ಬರುವಾಗ ಆಟೋದಲ್ಲಿ ಸೋಲಿನ ಮಾತೇ ಇಲ್ಲ. ಸ್ಟಾಕಿಂಗ್ಸ್ ಇಳಿಸಿ ಕಾಲಿನ ಗಾಯ ನೋಡಿಕೊಳ್ಳುತ್ತಾ ಕೇಳಿದ, "ಮಾಮ, ಅವನ ಕಾಲ್ ಮಧ್ಯೆ ಹೋಯ್ತಲ್ಲ, ನೋಡಿದ್ಯಾ?"

ನೋಡಿದ್ದೆ.