ಸ್ಪಷ್ಟನೆ: ಸೈಂಧವ ಲವಣ ತಿಂದರೆ ಬಿಪಿ ಇಳಿಯುವುದಿಲ್ಲ

"ಪುಡಿ ಉಪ್ಪು ಬಿಟ್ಟು ಸೈಂಧವ ಲವಣ ತಿನ್ನಿ, ದಿನಾ ವಾಕಿಂಗ್ ಮಾಡಿ, ತಿಂಗಳಲ್ಲಿ ಬಿಪಿ ಮಾತ್ರೆ ಬಿಡಿ" ಎನ್ನುವ ಮೆಸೇಜ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ವಾಕಿಂಗ್ ಮಾತೊಂದೇ ಸರಿ.

ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಿಪಿ ಏರಿಸುವುದು ಆ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಯಾವ ಬಣ್ಣದ್ದೇ ಆಗಲಿ, ಪೂರ್ತಿ ಒಂದು ಟೀ ಚಮಚವೂ ಇಲ್ಲ. ಸಾರು, ಪಲ್ಯ, ಹಪ್ಪಳ, ಮಜ್ಜಿಗೆಗೆ ಹಾಕುವ ಚಿಟಿಕೆ, ಸಂಜೆಯ ಮಿಕ್ಸ್ಚರ್ ಎಲ್ಲಾ ಸೇರಿ ಅಷ್ಟು. ಊಟದೆಲೆಯ ತುದಿಯ ಉಪ್ಪಿನಕಾಯಿಯಲ್ಲೇ ಎಷ್ಟು ಹೋಗುತ್ತದೆ ನೋಡಿ!

ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಬಿಪಿಯ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತದೆ. ಒಳ್ಳೆಯ ಲಾಭವೇ. ಆದರೆ 170 ಇರುವವರಿಗೆ ಅಷ್ಟೇ ಸಾಲದು, ಅಲ್ವಾ? ಮಾತ್ರೆ ಸುಮ್ನೆ ಬಿಟ್ಟರೆ ಬಿಪಿ ಸದ್ದಿಲ್ಲದೆ ಏರಬಹುದು, ಲಕ್ವ ಹೊಡೆಯುವ ಅಪಾಯ ಜಾಸ್ತಿ. ಡೋಸ್ ಇಳಿಸುವುದು ರೀಡಿಂಗ್ ನೋಡಿ ಡಾಕ್ಟರೇ ಹೇಳಬೇಕು.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಮನೆಯಲ್ಲಿ ಯಾರಾದರೂ ಅದನ್ನು ನಂಬಿ ಮಾತ್ರೆ ಬಿಟ್ಟಿದ್ದರೆ ಇವತ್ತೇ ಬಿಪಿ ಚೆಕ್ ಮಾಡಿಸಿ, ಡಾಕ್ಟರಿಗೆ ತೋರಿಸಿ.