ವಿಂಡನ್ ಊರಿನವರ ಗೋತ್ರ ಯಾವುದು?

ಗುಹೆಯೊಳಗೆ ತೆವಳಿಕೊಂಡು ಹೋದರೆ 33 ವರ್ಷ ಹಿಂದಕ್ಕೆ ಹೋಗಿ ಬೀಳಬಹುದು ಅನ್ನೋದನ್ನ ನಮ್ಮನೆಯಲ್ಲಿ ಯಾರೂ ಚಕಾರ ಎತ್ತದೆ ಒಪ್ಪಿಕೊಂಡರು. ಪಕ್ಕದಲ್ಲೇ ಅಣು ಸ್ಥಾವರ, 1986ರಲ್ಲಿ ಅಲ್ಲೇನೋ ಅವಘಡ, ಕಾಲಕ್ಕೇ ತೂತು ಬಿತ್ತು. ಆಯ್ತಪ್ಪ, ಬಿದ್ದಿರಬಹುದು. ಒಪ್ಪೋಕೆ ಆಗದೇ ಹೋಗಿದ್ದು ಕೊಡೆಯ ವಿಷಯ. 'ಡಾರ್ಕ್' ಅನ್ನೋ ಜರ್ಮನ್ ಸೀರೀಸ್ ನೋಡಿದವರಿಗೆ ಗೊತ್ತು, ವಿಂಡನ್ ಅನ್ನೋ ಆ ಊರಲ್ಲಿ ಹೊತ್ತುಗೊತ್ತಿಲ್ಲದೆ ಮಳೆ ಸುರೀತಾನೇ ಇರುತ್ತೆ, ಜನ ಸುಮ್ನೆ ನೆನೆಯುತ್ತಾ ನಿಂತು ಮುಖ ಮುಖ ನೋಡಿಕೊಳ್ತಾರೆ. ಯೋನಾಸ್ ಅನ್ನೋ ಹುಡುಗನಿಗೆ ಒಂದು ಹಳದಿ ರೇನ್‌ಕೋಟ್ ಇದೆ, ಅಷ್ಟೇ. "ಇಡೀ ಊರಿಗೆ ಒಂದು ಕೊಡೆ ಅಂಗಡಿ ಇಲ್ವೇನೋ?" ಅಂತ ಅತ್ತೆ ಕೇಳಿದರು. ಜೂನ್ ಬಂತು ಅಂದರೆ ಹಾಲಿನ ಪ್ಯಾಕೆಟ್ ತರೋಕೂ ಕೊಡೆ ಇಲ್ಲದೆ ಡೊಂಬಿವಲಿಯ ರಸ್ತೆಗೆ ಇಳಿಯದ ಹೆಂಗಸು ಅವರು.

ನನಗಂತೂ ಇದು ನ್ಯಾಯವಾದ ತಕರಾರು ಅನಿಸುತ್ತೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡಿ ಬಂದವರು ನಮ್ಮಲ್ಲಿ ಯಾರೂ ಇಲ್ಲ, ಅದರ ತಪ್ಪು ಒಪ್ಪು ಹೇಳೋದು ಹೇಗೆ? ಮಳೆಯಲ್ಲಿ ನೆಂದವರು ಬೇಕಾದಷ್ಟು ಜನ.

ಆದರೆ ನನ್ನ ಗಂಡ ಮತ್ತು ಮೈದುನ ಇಂಥ ಸಣ್ಣ ವಿಷಯಕ್ಕೆಲ್ಲ ಇಳಿಯೋರಲ್ಲ. ಅವರದ್ದು ಉಲ್ರಿಷ್‌ನ ಜಗಳ. ಉಲ್ರಿಷ್ ಪೊಲೀಸಿನವನು. ಕಳೆದುಹೋದ ಮಗ ಮಿಕ್ಕೆಲ್‌ನನ್ನ ಹುಡುಕಿಕೊಂಡು ಗುಹೆಗೆ ನುಗ್ಗಿ, 1986ಕ್ಕೆ ಹೋಗೋ ಬದಲು 1953ಕ್ಕೆ ಹೋಗಿಬಿಡ್ತಾನೆ. ಅಲ್ಲಿ ಇನ್ನೂ ಚಿಕ್ಕ ಹುಡುಗನಾಗಿರೋ ಹೆಲ್ಗೆ ಸಿಗ್ತಾನೆ. ಇವನೇ ಮುಂದೆ ಮಕ್ಕಳನ್ನ ಕದಿಯೋನು ಅಂತ ಕಲ್ಲೆತ್ತಿ ಚಚ್ಚಿ, ಸತ್ತನಾ ಬದುಕಿದ್ದಾನಾ ಅಂತ ಕೂಡ ನೋಡದೆ ಹೊರಟುಬಿಡ್ತಾನೆ. "ಪೊಲೀಸ್ ಕೆಲಸ ಮಾಡೋನು ನಾಡಿ ಹಿಡಿದು ನೋಡಬೇಡ್ವಾ?" ಅಂತ ಗಂಡ. "ಅಣ್ಣ, ಅವನು ಸತ್ತಿದ್ದರೆ ಅವನ ಮಗ ಪೀಟರ್ ಇಲ್ಲ. ಪೀಟರ್ ಇಲ್ಲದಿದ್ದರೆ ಎಲಿಸಬೆತ್ ಇಲ್ಲ. ಎಲಿಸಬೆತ್ ಇಲ್ಲದಿದ್ದರೆ ಶಾರ್ಲೊಟ್ಟೆ ಇಲ್ಲ. ಶಾರ್ಲೊಟ್ಟೆ ಇಲ್ಲದಿದ್ದರೆ ಉಲ್ರಿಷ್‌ಗೆ ಠಾಣೆಯಲ್ಲಿ ಮೇಲಧಿಕಾರಿಯೇ ಇಲ್ಲ!" ಅಂತ ಮೈದುನ. ಮೇಲಧಿಕಾರಿ ಇಲ್ಲದೇ ಇದ್ದರೆ ಒಳ್ಳೇದೇ ಅಲ್ವಾ ಅಂತ ಗಂಡ. ಈ ಮಧ್ಯೆ ಕುಕ್ಕರ್ ಕೂಗಿತು. ಎಷ್ಟು ಸಲ ಕೂಗಿತು ಅನ್ನೋದರ ಬಗ್ಗೆ ಇವತ್ತಿಗೂ ಒಮ್ಮತ ಬಂದಿಲ್ಲ, ಆದರೆ ಬೇಳೆ ತಳ ಹಿಡಿದಿದ್ದರ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. 1953ರಿಂದ 2019ರ ತನಕ ಯಾರ ಹಿಂದೆ ಯಾರು ಓಡಿದರು ಅಂತ ತಡವರಿಸದೆ ಹೇಳೋ ಇಬ್ಬರು ಗಂಡಸರಿಗೆ ಒಂದು ಕುಕ್ಕರ್ ವಿಶಲ್ ಎಣಿಸೋಕೆ ಬರಲ್ಲ.

ಅತ್ತೆಗೆ ಜರ್ಮನ್ ಬರಲ್ಲ, ಕೆಳಗೆ ಓಡೋ ಇಂಗ್ಲಿಷ್ ಓದೋಕೆ ಕಣ್ಣು ಸಾಲದು. ಗಂಡನೇ ಕಾಮೆಂಟರಿ ಕೊಡಬೇಕು. ಹಾಗಾಗಿ ಅವರಿಗೆ ಕಥೆ ಅರ್ಥ ಆಗಿದ್ದು ಪೂರ್ತಿ ಸಂಬಂಧಗಳ ಲೆಕ್ಕದಲ್ಲಿ. ನಿಜ ಹೇಳಬೇಕಂದರೆ ನಮ್ಮೆಲ್ಲರಿಗಿಂತ ಬೇಗ ಅರ್ಥ ಆಯ್ತು. ಮಿಕ್ಕೆಲ್ 1986ರಲ್ಲೇ ಉಳಿದು, ಅಲ್ಲಿನ ನರ್ಸ್ ಒಬ್ಬಳ ಸಾಕುಮಗನಾಗಿ ಬೆಳೆದು, ಹನ್ನಾಳನ್ನ ಮದುವೆಯಾಗಿ, ಯೋನಾಸ್‌ಗೆ ಅಪ್ಪ ಆಗ್ತಾನೆ ಅಂತ ಗಂಡ ಹೇಳಿ ಮುಗಿಸೋ ಮೊದಲೇ ಅತ್ತೆ ಎದ್ದು ಕೂತರು. "ಹಾಗಾದ್ರೆ ಮಿಕ್ಕೆಲ್‌ನ ಅಕ್ಕ ಆ ಮಾರ್ಥಾ, ಯೋನಾಸ್‌ಗೆ ಸೋದರತ್ತೆ ಆಗಲ್ವೇನೋ? ಸೋದರತ್ತೆ ಮಗಳಾದರೆ ಸರಿ. ಸೋದರತ್ತೆಯನ್ನೇ ಪ್ರೀತಿ ಮಾಡ್ತಾನಾ?" ಆಮೇಲೆ ಇನ್ನೂ ಒಂದು ಹೊಳೀತು. ಹನ್ನಾ ಕದ್ದುಮುಚ್ಚಿ ಓಡಾಡ್ತಿದ್ದದ್ದು ಉಲ್ರಿಷ್ ಜೊತೆ, ಅಂದರೆ ಸ್ವಂತ ಮಾವನ ಜೊತೆ! ಅತ್ತೆ ಟಿವಿ ಆರಿಸಿ, ಮುಖ ತೊಳೆದು ಬಂದು, ಮತ್ತೆ ಹಾಕಿಸಿದರು.

ಮೂರನೇ ಸೀಸನ್ ಬಂದಿದ್ದು 2020ರ ಜೂನ್ 27ಕ್ಕೆ. ಕಥೆಯೊಳಗೆ ಪ್ರಳಯ ಆಗೋ ದಿನವೂ ಅದೇ. ಮುಂಬಯಿಯಲ್ಲಿ ಆಗ ನಮ್ಮಂಥವರಿಗೆ ಲೋಕಲ್ ಟ್ರೇನೇ ಇರಲಿಲ್ಲ, ಪ್ರಳಯ ನೋಡಿ ನಾವೇನೂ ಅಷ್ಟು ಬೆಚ್ಚಿಬೀಳಲಿಲ್ಲ.

ಕೆಲವರು ಒಮ್ಮೆ ನೋಡಿ ಬಿಡ್ತಾರೆ. ನಮ್ಮನೆಯಲ್ಲಿ ಮಳೆಗಾಲ ಬಂದರೆ ಹಪ್ಪಳದ ಡಬ್ಬದ ಜೊತೆ 'ಡಾರ್ಕ್' ಕೂಡ ಕೆಳಗಿಳಿಯುತ್ತೆ. ಅಂಥ ಒಂದು ಮಳೆಗಾಲದಲ್ಲಿ ಮೈದುನ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ವಂಶವೃಕ್ಷ ಬರೆದು ಫ್ರಿಜ್‌ಗೆ ಅಂಟಿಸಿದ. ಅಮ್ಮನಿಗೆ ಸುಲಭ ಆಗಲಿ ಅಂತ ಅಮ್ಮ ಇಟ್ಟ ಹೆಸರುಗಳನ್ನೇ ಹಾಕಿದ್ದ. ಹಳದಿ ಕೋಟು, ನರ್ಸಮ್ಮ, ಸಾಕುಮಗ, ಪೊಲೀಸಮ್ಮ. ಪೊಲೀಸಮ್ಮನಿಂದ ಮಗಳಿಗೆ ಕೆಂಪು ಬಾಣ, ಅದೇ ಮಗಳಿಂದ ಪೊಲೀಸಮ್ಮನಿಗೆ ಹಸಿರು ಬಾಣ. ಯಾಕಂದರೆ ಶಾರ್ಲೊಟ್ಟೆ ಎಲಿಸಬೆತ್‌ಗೆ ತಾಯಿಯೂ ಹೌದು, ಮಗಳೂ ಹೌದು. ಹನ್ನಾಳ ಜಾಗದಲ್ಲಿ ಅತ್ತೆ ತಮ್ಮ ಕೈಯಾರೆ "ಸರಿ ಇಲ್ಲ" ಅಂತ ಬರೆದಿದ್ದರು, ಪಕ್ಕದಲ್ಲಿ ಅರಿಶಿನದ ಬೆರಳಚ್ಚು.

ಮೈದುನನಿಗೆ ಹೆಣ್ಣು ನೋಡ್ತಿದ್ದ ಕಾಲ. ಮುಲುಂಡ್‌ನಿಂದ ಹುಡುಗಿಯ ಸೋದರಮಾವ ಮನೆ ನೋಡೋಕೆ ಬಂದರು. ನೀರು ಕೇಳಿ ಅಡುಗೆಮನೆ ಬಾಗಿಲ ತನಕ ಬಂದವರು ಫ್ರಿಜ್ ಮುಂದೆ ನಿಂತೇಬಿಟ್ಟರು. ಕನ್ನಡಕ ಹಣೆಗೇರಿಸಿ, ಬೆರಳಿಟ್ಟು, ಬಾಣದ ಜೊತೆ ಕೆಳಗೆ ಹೋದರು. ಮೇಲೆ ಬಂದರು. ಮತ್ತೆ ಕೆಳಗೆ ಹೋದರು.

"ನಿಮ್ಮ ಪೈಕಿ ಪೊಲೀಸ್ ಇಲಾಖೆಯಲ್ಲೂ ಇದ್ದಾರಾ?" ಅಂತ ಕೇಳಿದರು, ಬಹಳ ಮೆಲ್ಲಗೆ. ಇನ್ನೂ ಮೆಲ್ಲಗೆ, "ಈ ಮಗು... ತಾಯಿಗೇ ತಾಯಿಯಾ?"

ಗಂಡ ಓಡಿ ಬಂದು ಇದು ಸೀರೀಸ್ ಸಾರ್, ಸೈನ್ಸ್ ಫಿಕ್ಷನ್ ಅಂತ ವಿವರಿಸಿದರು. ನಾವು ಉಸಿರು ಬಿಟ್ಟೆವು. ಆದರೆ ಅವರು ಅಲ್ಲಿಂದ ಕದಲಲಿಲ್ಲ. ಹಳದಿ ಕೋಟಿನ ಹುಡುಗ, ಅವನ ಅಪ್ಪನ ಅಕ್ಕ, ಇಬ್ಬರದೂ ಸಗೋತ್ರ ಆಯ್ತಲ್ಲ ಅಂದರು. ಅತ್ತೆ ಕಾಯ್ತಾ ಇದ್ದ ಹಾಗೆ, "ಅವನಪ್ಪನನ್ನ ನರ್ಸಮ್ಮ ದತ್ತು ತಗೊಂಡಿದ್ದಾಳೆ ರಾಯರೇ, ಗೋತ್ರ ಬದಲಾಗಿದೆ" ಅಂದರು. "ದತ್ತು ಹೋದರೂ ಹುಟ್ಟಿದ ಗೋತ್ರದಲ್ಲಿ ಹೆಣ್ಣು ತರೋ ಹಾಗಿಲ್ಲಮ್ಮ" ಅಂತ ಅವರು. ಅವಲಕ್ಕಿ ಆರಿತು. ಹುಡುಗಿಯ ಓದು, ಹುಡುಗನ ಸಂಬಳ, ಎರಡೂ ಮಾತಿಗೇ ಬರಲಿಲ್ಲ.

ಆ ಸಂಬಂಧ ಕೂಡಿ ಬರಲಿಲ್ಲ, ಜಾತಕದಲ್ಲಿ ಏನೋ ತೊಡಕು ಅಂದರು. ಆದರೆ ಅವರೀಗ ಎರಡನೇ ಸೀಸನ್‌ನಲ್ಲಿದ್ದಾರೆ. ಮೊನ್ನೆ ರಾತ್ರಿ ಫೋನ್ ಮಾಡಿ, ಆ ಪಾದ್ರಿ ನೋವಾ ಯಾರ ಮಗ ಅಂತ ಕೇಳಿದರು. ಈಗಲೇ ಹೇಳಿದರೆ ಮಜಾ ಹೋಗುತ್ತೆ, ಮೂರನೇ ಸೀಸನ್ ತನಕ ತಡೀರಿ ಅಂತ ನಾನು ಹೇಳ್ತಾ ಇದ್ದೆ. ಅತ್ತೆ ಹಿಂದಿನಿಂದ ಫೋನ್ ಕಿತ್ತುಕೊಂಡು, "ಬಾರ್ಟೋಶ್ ಮಗ ಕಣ್ರೀ! ಯೋನಾಸ್ ಜೊತೆ ಸ್ಕೂಲಿಗೆ ಹೋಗ್ತಾನಲ್ಲ, ಅವನದ್ದು!" ಅಂದರು.